ಹಾಡು ಯಾರದು, ರೀಲು ಯಾರದು?

1

ಹಾಡಿನ ಸಿನಿಮಾ ಅಂದಕೂಡಲೆ ನಮ್ಮ ಜನಕ್ಕೆ ನೆನಪಾಗೋದು ಮರ ಸುತ್ತುವ ನಾಯಕ ನಾಯಕಿ. ನಾವಿಲ್ಲಿ ಮಾತಾಡಲು ಹೊರಟಿರುವುದು ಅದರ ಬಗ್ಗೆ ಅಲ್ಲ. ನಿಜವಾದ ಹಾಡುಗಾರರು ನಿಜವಾದ ಜನರ ಮುಂದೆ ಹಾಡುವಾಗ ಕ್ಯಾಮೆರಾ ಇಟ್ಟು ತೆಗೆದ ಚಿತ್ರಗಳ ಬಗ್ಗೆ. ಜಾಜ್, ಬ್ಲೂಸ್, ರಾಕ್, ಚರ್ಚಿನ ಭಜನೆ, ಧ್ರುಪದ್, ಕಬೀರನ ಪದ, ಭೀಮಗೀತೆ ಹೀಗೆ ಎಲ್ಲ ಬಗೆಯ ಹಾಡಿನ ಮೇಲೂ ಇಂಥ ಚಿತ್ರಗಳು ಬಂದಿವೆ.

ಇಂಥ ಪ್ರತಿಯೊಂದು ಚಿತ್ರದ ಹಿಂದೆ ಮೂರು ಕೈಗಳಿರುತ್ತವೆ. ತಾಳ ಹಾಕುವ ಕೈ ಒಂದು. ಕ್ಯಾಮೆರಾ ಹಿಡಿದ ಕೈ ಇನ್ನೊಂದು. ರೀಲಿನ ಡಬ್ಬಿಗೆ ಬೀಗ ಜಡಿದು ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಕೈ ಮೂರನೆಯದು. ಸಿನಿಮಾ ಚರಿತ್ರೆ ಬರೆಯುವವರು ಎರಡನೆಯ ಕೈಯನ್ನು ಹೊಗಳಿ ಸುಮ್ಮನಾಗುತ್ತಾರೆ. ನಾವು ಮೂರನೆಯ ಕೈ ಯಾರದು ಅಂತ ಕೇಳಬೇಕಾಗಿದೆ.

ಅಮೆರಿಕದ ಕರಿಯರ ಕಥೆ ನಮಗ್ಯಾಕೆ ಅಂತ ಕೆಲವರು ಕೇಳಬಹುದು. 1972ರಲ್ಲಿ ಮುಂಬಯಿಯ ದಲಿತ ಯುವಕರು ತಮ್ಮ ಸಂಘಟನೆಗೆ ಒಂದು ಹೆಸರು ಹುಡುಕಿದಾಗ, ಅದನ್ನು ಪಡೆದದ್ದು ಆ ಕರಿಯರ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ. ಹೆಸರು ತಂದವರು ಅವರ ಅನುಭವವನ್ನೂ ತರಬೇಕಲ್ಲವೇ?

2

1927ರ ಅಕ್ಟೋಬರಿನಲ್ಲಿ 'ದಿ ಜಾಜ್ ಸಿಂಗರ್' ಬಂತು. ತುಟಿಯ ಚಲನೆಗೆ ಸರಿಯಾಗಿ ಹಾಡು ಕೇಳಿಸಿದ ಮೊದಲ ದೊಡ್ಡ ಚಿತ್ರ ಅಂತ ಎಲ್ಲ ಪುಸ್ತಕಗಳೂ ಬರೆಯುತ್ತವೆ. ಅದರ ನಾಯಕ ಆಲ್ ಜೋಲ್ಸನ್ ಬಿಳಿಯ. ಆತ ಮುಖಕ್ಕೆ ಮಸಿ ಬಳಿದುಕೊಂಡು ಕರಿಯನ ವೇಷದಲ್ಲಿ ಹಾಡುತ್ತಾನೆ. ಸಿನಿಮಾ ಬಾಯಿ ಬಿಟ್ಟ ಮೊದಲ ದಿನವೇ ಕರಿಯರ ಸಂಗೀತದ ಹೆಸರು ಬಂತು, ಕರಿಯರ ಬಣ್ಣ ಬಂತು, ಕರಿಯ ಮಾತ್ರ ಬರಲಿಲ್ಲ.

ಎರಡು ವರ್ಷದ ಮೇಲೆ, 1929ರಲ್ಲಿ, 'ಸೇಂಟ್ ಲೂಯಿಸ್ ಬ್ಲೂಸ್' ಎಂಬ ಕಿರುಚಿತ್ರ ಬಂತು. ಬ್ಲೂಸ್ ಹಾಡಿನ ಮಹಾರಾಣಿ ಬೆಸ್ಸಿ ಸ್ಮಿತ್ ಅದರಲ್ಲಿ ಗಂಡಸಿನಿಂದ ಮೋಸಹೋಗಿ, ಒದೆ ತಿಂದು, ಹೆಂಡದಂಗಡಿಯ ಕಟ್ಟೆಗೆ ಒರಗಿ ಹಾಡುತ್ತಾಳೆ. ಚಿತ್ರ ಇರುವುದು ಕಾಲು ಗಂಟೆಯಷ್ಟು. ಆಕೆ ಹಾಡುವುದನ್ನು ಕಣ್ಣಾರೆ ನೋಡಬೇಕೆಂದರೆ ಜಗತ್ತಿಗೆ ಉಳಿದಿರುವುದು ಅಷ್ಟೇ. ಸಾವಿರಾರು ಜನರನ್ನು ಅಳಿಸಿ ನಗಿಸಿದ ಹೆಣ್ಣುಮಗಳು 1937ರಲ್ಲಿ ಕಾರಿನ ಅಪಘಾತದಲ್ಲಿ ತೀರಿಕೊಂಡಳು. ಅವಳ ಸಮಾಧಿಗೆ 1970ರವರೆಗೆ ಒಂದು ಕಲ್ಲೂ ಇರಲಿಲ್ಲ. ಅವಳ ಹಾಡನ್ನು ಕೇಳಿ ಬೆಳೆದ ಬಿಳಿಯ ಗಾಯಕಿ ಜಾನಿಸ್ ಜೋಪ್ಲಿನ್ ಮತ್ತು ಇನ್ನೊಬ್ಬ ಹೆಂಗಸು ಸೇರಿ ದುಡ್ಡು ಕೊಟ್ಟು ಕಲ್ಲು ನಿಲ್ಲಿಸಿದರು.

1958ರ ಬೇಸಿಗೆಯಲ್ಲಿ ನ್ಯೂಪೋರ್ಟ್ ಎಂಬ ಊರಿನ ಜಾಜ್ ಉತ್ಸವವನ್ನು ಬರ್ಟ್ ಸ್ಟರ್ನ್ ಎಂಬ ಫೋಟೋಗ್ರಾಫರ್ ಚಿತ್ರೀಕರಿಸಿದ. 'ಜಾಜ್ ಆನ್ ಎ ಸಮ್ಮರ್ಸ್ ಡೇ' ಅದರ ಹೆಸರು. ನ್ಯೂಪೋರ್ಟ್ ಶ್ರೀಮಂತರ ಬಂಗಲೆಗಳ ಊರು, ಹಾಯಿದೋಣಿಗಳ ಊರು. ಬಣ್ಣಬಣ್ಣದ ಚೆಂದದ ಚಿತ್ರ, ಅನುಮಾನವಿಲ್ಲ. ಲೂಯಿ ಆರ್ಮ್‌ಸ್ಟ್ರಾಂಗ್ ಇದ್ದಾನೆ, ಕೊನೆಗೆ ಮಹೇಲಿಯಾ ಜಾಕ್ಸನ್ ನಡುರಾತ್ರಿಯಲ್ಲಿ ದೇವರ ಹಾಡು ಹಾಡುತ್ತಾಳೆ. ಆದರೆ ಥೆಲೋನಿಯಸ್ ಮಾಂಕ್ ಪಿಯಾನೋ ನುಡಿಸುತ್ತಿರುವಾಗ ನೋಡಬೇಕು. ಕ್ಯಾಮೆರಾ ಅವನನ್ನು ಬಿಟ್ಟು ಸಮುದ್ರದಲ್ಲಿ ತೇಲುವ ಧಣಿಗಳ ದೋಣಿ ನೋಡಲು ಹೊರಟುಬಿಡುತ್ತದೆ. ನಮ್ಮ ಕಡೆ ಜಾತ್ರೆಯಲ್ಲಿ ತಮಟೆಯವರು ಬಡಿಯುತ್ತಿದ್ದರೆ ಊರಗೌಡ ಪಲ್ಲಕ್ಕಿಯ ಕಡೆ ನೋಡುತ್ತಾನಲ್ಲ, ಹಾಗೆ. ವಾದ್ಯ ಬೇಕು, ವಾದ್ಯದವನ ಮುಖ ಬೇಡ.

ಅಲ್ಲಿಯವರೆಗೆ ಸಿನಿಮಾದ ಯಂತ್ರಗಳೂ ಎತ್ತಿನ ಬಂಡಿಯಂಥವು. ಭಾರದ ಕ್ಯಾಮೆರಾ, ಅದಕ್ಕಿಂತ ಭಾರದ ಧ್ವನಿಯಂತ್ರ. 1960ರ ಹೊತ್ತಿಗೆ ಹೆಗಲ ಮೇಲಿಡುವ 16 ಮಿಲಿಮೀಟರ್ ಕ್ಯಾಮೆರಾವೂ ಹೆಗಲಿಗೆ ನೇತುಹಾಕುವ ನಾಗ್ರಾ ಟೇಪ್‌ರೆಕಾರ್ಡರೂ ಜೊತೆಯಾದವು. ಕ್ಯಾಮೆರಾ ಈಗ ಹಾಡುಗಾರರ ಬೆವರಿನ ಹತ್ತಿರ ಹೋಗಬಲ್ಲುದಾಯಿತು. ಡಿ. ಎ. ಪೆನ್ನೆಬೇಕರ್ 1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಉತ್ಸವವನ್ನು ಹೀಗೇ ಹಿಡಿದ. 1968ರಲ್ಲಿ ಬಂದ ಆ ಚಿತ್ರದಲ್ಲಿ ಓಟಿಸ್ ರೆಡ್ಡಿಂಗ್ ಹಾಡುವುದನ್ನು ನೋಡಿದವರು ಮರೆಯುವುದಿಲ್ಲ. ಆತ ಮಾತ್ರ ಚಿತ್ರ ತೆರೆಗೆ ಬರುವ ಮೊದಲೇ, 1967ರ ಡಿಸೆಂಬರಿನಲ್ಲಿ, ವಿಮಾನ ಬಿದ್ದು ಸತ್ತಿದ್ದ. ಚಿತ್ರದ ಕೊನೆಯ ಭಾಗ ಪೂರ್ತಿ ರವಿಶಂಕರ್ ಸಿತಾರಿಗೆ ಮೀಸಲು.

3

ಈಗ 1969ಕ್ಕೆ ಬರೋಣ. ನಮ್ಮ ಪ್ರಶ್ನೆಗೆ ಈ ಒಂದು ವರ್ಷ ಉತ್ತರ ಹೇಳುತ್ತದೆ.

ಆ ವರ್ಷದ ಆಗಸ್ಟಿನಲ್ಲಿ ನ್ಯೂಯಾರ್ಕ್ ರಾಜ್ಯದ ಬೆತೆಲ್ ಎಂಬ ಹಳ್ಳಿಯ ಹೈನುಗಾರನೊಬ್ಬನ ಹೊಲದಲ್ಲಿ ಸುಮಾರು ನಾಲ್ಕು ಲಕ್ಷ ಯುವಜನ ಸೇರಿದರು. ಅದೇ ವುಡ್‌ಸ್ಟಾಕ್. ಮೈಕೇಲ್ ವ್ಯಾಡ್ಲಿ ತೆಗೆದ ಚಿತ್ರವನ್ನು ವಾರ್ನರ್ ಬ್ರದರ್ಸ್ ಕಂಪನಿ 1970ರಲ್ಲಿ ಬಿಡುಗಡೆ ಮಾಡಿತು. ಕೋಟಿಗಟ್ಟಲೆ ಡಾಲರ್ ಬಂತು. ಸಾಕ್ಷ್ಯಚಿತ್ರದ ಆಸ್ಕರ್ ಬಂತು. ಇವತ್ತಿಗೂ ಆ ಕಾಲದ ಅಮೆರಿಕ ಅಂದರೆ ಜಗತ್ತಿಗೆ ಕೆಸರಿನಲ್ಲಿ ಕುಣಿಯುವ ಆ ಬಿಳಿಯ ಹುಡುಗ ಹುಡುಗಿಯರೇ.

ಅದೇ ಬೇಸಿಗೆ. ಅಲ್ಲಿಂದ ನೂರು ಮೈಲಿಯಾಚೆ, ನ್ಯೂಯಾರ್ಕ್ ನಗರದೊಳಗಿನ ಕರಿಯರ ಕೇರಿ ಹಾರ್ಲೆಮ್. ಅಲ್ಲಿನ ಒಂದು ಪಾರ್ಕಿನಲ್ಲಿ ಜೂನ್ 29ರಿಂದ ಆಗಸ್ಟ್ 24ರೊಳಗೆ ಆರು ಭಾನುವಾರ ಹಾರ್ಲೆಮ್ ಸಾಂಸ್ಕೃತಿಕ ಉತ್ಸವ ನಡೆಯಿತು. ಟೋನಿ ಲಾರೆನ್ಸ್ ಎಂಬ ಗಾಯಕ ಅದನ್ನು ಕಟ್ಟಿ ನಿಲ್ಲಿಸಿದ. ಟಿಕೇಟು ಇಲ್ಲ. ಒಟ್ಟು ಮೂರು ಲಕ್ಷದಷ್ಟು ಜನ, ಅಜ್ಜಿಯರಿಂದ ಹಿಡಿದು ಎದೆಹಾಲು ಕುಡಿಯುವ ಕೂಸಿನವರೆಗೆ. ನೀನಾ ಸಿಮೋನ್, ಸ್ಟೀವಿ ವಂಡರ್, ಬಿ. ಬಿ. ಕಿಂಗ್, ಮಹೇಲಿಯಾ ಜಾಕ್ಸನ್ ಎಲ್ಲರೂ ಹಾಡಿದರು. ಸ್ಲೈ ಸ್ಟೋನ್ ತಂಡ ಹಾಡಿದ ದಿನ ಜನರ ಕಾವಲಿಗೆ ನಿಂತವರು ಬ್ಲ್ಯಾಕ್ ಪ್ಯಾಂಥರ್ ಹುಡುಗರು.

ಇದನ್ನೂ ಒಬ್ಬ ಚಿತ್ರೀಕರಿಸಿದ. ಹ್ಯಾಲ್ ಟುಲ್ಚಿನ್ ಎಂಬ ಟೆಲಿವಿಷನ್ ನಿರ್ದೇಶಕ. ದೀಪಕ್ಕೆ ದುಡ್ಡಿರಲಿಲ್ಲ. ಅದಕ್ಕೇ ವೇದಿಕೆಯನ್ನು ಪಡುವಣಕ್ಕೆ ಮುಖಮಾಡಿ ಕಟ್ಟಿಸಿದರು. ಇಳಿಹೊತ್ತಿನ ಸೂರ್ಯನೇ ಅವರ ದೀಪ. ಹೀಗೆ ನಲವತ್ತು ಗಂಟೆಯಷ್ಟು ಟೇಪು ತುಂಬಿತು. ಆ ವರ್ಷ ಒಂದಿಷ್ಟು ತುಣುಕು ಟೆಲಿವಿಷನ್‌ನಲ್ಲಿ ಬಂದವು, ಮುಗಿಯಿತು. ವುಡ್‌ಸ್ಟಾಕ್ ಹೆಸರು ದೊಡ್ಡದಾದ ಮೇಲೆ ಟುಲ್ಚಿನ್ ತನ್ನ ಸರಕಿಗೆ 'ಕರಿಯರ ವುಡ್‌ಸ್ಟಾಕ್' ಅಂತ ಹೆಸರಿಟ್ಟುಕೊಂಡು ಬಾಗಿಲು ಬಾಗಿಲು ತಿರುಗಿದ. ಯಾರೂ ಕೊಳ್ಳಲಿಲ್ಲ. ಟೇಪುಗಳು ನೆಲಮಾಳಿಗೆ ಸೇರಿದವು. 2017ರಲ್ಲಿ ಟುಲ್ಚಿನ್ ಸತ್ತ. ಕೊನೆಗೆ ಕ್ವೆಸ್ಟ್‌ಲವ್ ಎಂಬ ಕರಿಯ ಸಂಗೀತಗಾರ ಅದನ್ನೆಲ್ಲ ಜೋಡಿಸಿ 'ಸಮ್ಮರ್ ಆಫ್ ಸೋಲ್' ಮಾಡಿದ್ದು 2021ರಲ್ಲಿ. ಮರುವರ್ಷ ಅದಕ್ಕೂ ಆಸ್ಕರ್ ಬಂತು.

ಲೆಕ್ಕ ಹಾಕಿ. ಸ್ಲೈ ಸ್ಟೋನ್ ಅದೇ ಬೇಸಿಗೆಯಲ್ಲಿ ಎರಡು ಕಡೆಯೂ ಹಾಡಿದ. ಬಿಳಿಯರ ನಡುವೆ ಹಾಡಿದ್ದನ್ನು ಜಗತ್ತು ಮರುವರ್ಷವೇ ನೋಡಿತು. ತನ್ನ ಜನರ ನಡುವೆ ಹಾಡಿದ್ದನ್ನು ನೋಡಲು ಐವತ್ತೆರಡು ವರ್ಷ ಬೇಕಾಯಿತು. ಹಾಡುಗಾರ ಅವನೇ, ಬದಲಾದದ್ದು ಕೇಳುಗರ ಬಣ್ಣ. ಕರಿಯ ಹಾಡುವುದನ್ನು ಮಾರುಕಟ್ಟೆ ಸಹಿಸುತ್ತದೆ. ಮೂರು ಲಕ್ಷ ಕರಿಯರು ಒಂದೆಡೆ ಸೇರಿ, ಯಾರಿಗೂ ಹೆದರದೆ, ತಮ್ಮ ಹಾಡಿಗೆ ತಾವೇ ತಲೆದೂಗುವುದನ್ನು ಅದು ಸಹಿಸದು.

ಆ ಟೇಪಿನಲ್ಲಿ ಇನ್ನೊಂದು ಸಂಗತಿ ಇದೆ. 1969ರ ಜುಲೈ 20, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದಿನ. ಅಂದೂ ಉತ್ಸವ ನಡೆದಿತ್ತು. ಟೆಲಿವಿಷನ್‌ನವರು ಬಂದು ಚಂದ್ರಯಾನದ ಬಗ್ಗೆ ಏನನ್ನಿಸುತ್ತದೆ ಅಂತ ಕೇಳಿದಾಗ ಪಾರ್ಕಿನ ಜನ, ಆ ದುಡ್ಡಿನಲ್ಲಿ ಹಾರ್ಲೆಮ್‌ನ ಹಸಿದವರಿಗೆ ಅನ್ನ ಹಾಕಬಹುದಿತ್ತಲ್ಲ ಅನ್ನುವ ಅರ್ಥದ ಮಾತಾಡುತ್ತಾರೆ. ಚಂದ್ರನ ಮೇಲಿನ ಹೆಜ್ಜೆ ಜಗತ್ತಿಗೆಲ್ಲ ಕಂಡಿತು. ನೆಲದ ಮೇಲೆ ನಿಂತು ಆಡಿದ ಈ ಮಾತು ನೆಲಮಾಳಿಗೆಯಲ್ಲಿ ಕೊಳೆಯಿತು. ಅಂದು ಹುಡುಗನಾಗಿ ಪಾರ್ಕಿಗೆ ಬಂದಿದ್ದವನೊಬ್ಬ ಮುಪ್ಪಿನ ಹೊಸ್ತಿಲಲ್ಲಿ ಈ ದೃಶ್ಯಗಳನ್ನು ನೋಡಿ ಕಣ್ಣೀರು ಹಾಕುತ್ತಾನೆ. ತಾನು ಕಂಡದ್ದು ಕನಸಲ್ಲ, ನಿಜವಾಗಿ ನಡೆದದ್ದು ಅಂತ ಅವನಿಗೆ ಆಗ ಖಾತ್ರಿಯಾಗುತ್ತದೆ. ಚರಿತ್ರೆ ಕಸಿದುಕೊಂಡರೆ ಮನುಷ್ಯ ತನ್ನ ನೆನಪನ್ನೇ ಅನುಮಾನಿಸುವ ಹಾಗಾಗುತ್ತದೆ.

ಅದೇ ವರ್ಷದ ಡಿಸೆಂಬರ್ 6ರಂದು ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕಛೇರಿ ನಡೆಯಿತು. ಹೆಲ್ಸ್ ಏಂಜೆಲ್ಸ್ ಎಂಬ ಮೋಟಾರ್‌ಸೈಕಲ್ ಗ್ಯಾಂಗಿಗೆ ವೇದಿಕೆಯ ಕಾವಲು ಕೊಟ್ಟಿದ್ದರು. ಮೆರೆಡಿತ್ ಹಂಟರ್ ಎಂಬ ಹದಿನೆಂಟು ವರ್ಷದ ಕರಿಯ ಹುಡುಗನನ್ನು ಅವರಲ್ಲೊಬ್ಬ ಇರಿದು ಕೊಂದ. ಮೇಸಲ್ಸ್ ಸಹೋದರರ ಕ್ಯಾಮೆರಾದಲ್ಲಿ ಅದು ದಾಖಲಾಯಿತು. ಹುಡುಗನ ಕೈಯಲ್ಲಿ ಪಿಸ್ತೂಲು ಇತ್ತು ಎಂಬುದನ್ನು ಅದೇ ರೀಲು ತೋರಿಸಿತು. ಇರಿದವನು ಆತ್ಮರಕ್ಷಣೆ ಅಂತ ವಾದಿಸಿ ಬಿಡುಗಡೆಯಾದ. 'ಗಿಮ್ಮಿ ಶೆಲ್ಟರ್' 1970ರಲ್ಲಿ ಬಂದು ಹೆಸರಾಯಿತು. ಸತ್ತ ಹುಡುಗನ ಸಮಾಧಿಗೂ ಬೆಸ್ಸಿಯ ಹಾಗೆ ದಶಕಗಟ್ಟಲೆ ಕಲ್ಲಿರಲಿಲ್ಲ. ಅವನ ಸಾವು ಜಗತ್ತಿಡೀ ತೆರೆಯ ಮೇಲೆ ಓಡಿತು, ಅವನ ಹೆಸರು ಮಣ್ಣಿನಲ್ಲಿತ್ತು.

4

ಹಾಗಾದರೆ ಕರಿಯರು ಸುಮ್ಮನೆ ಕೂತರೇ? ಇಲ್ಲ. ಲಾಸ್ ಏಂಜಲೀಸ್ ನಗರದ ವಾಟ್ಸ್ ಕೇರಿ 1965ರ ಆಗಸ್ಟಿನಲ್ಲಿ ಪೊಲೀಸ್ ದೌರ್ಜನ್ಯದ ವಿರುದ್ಧ ಸಿಡಿದೆದ್ದಿತ್ತು. 34 ಜನ ಸತ್ತಿದ್ದರು. ಅದರ ಏಳನೆಯ ನೆನಪಿಗೆ 1972ರ ಆಗಸ್ಟ್ 20ರಂದು ಸ್ಟ್ಯಾಕ್ಸ್ ರೆಕಾರ್ಡ್ ಕಂಪನಿಯವರು ನಗರದ ದೊಡ್ಡ ಕ್ರೀಡಾಂಗಣದಲ್ಲಿ ಹಾಡಿನ ಹಬ್ಬ ಮಾಡಿದರು. ಟಿಕೇಟು ಒಂದು ಡಾಲರ್. ಬಂದವರು ಲಕ್ಷದ ಸುಮಾರು. ಕ್ಯಾಮೆರಾ ತಂಡದಲ್ಲಿ ಹೆಚ್ಚಿನವರು ಕರಿಯರೇ ಇರಬೇಕೆಂದು ಹಟ ಹಿಡಿದರು. 1973ರ 'ವಾಟ್‌ಸ್ಟ್ಯಾಕ್ಸ್' ಚಿತ್ರದ ಕ್ಯಾಮೆರಾ ಹಾಡಿನ ನಡುವೆ ದೋಣಿ ನೋಡಲು ಹೋಗುವುದಿಲ್ಲ. ಕ್ಷೌರದಂಗಡಿಗೆ, ಹೋಟೆಲಿಗೆ, ಚರ್ಚಿಗೆ ಹೋಗಿ ಜನ ಕೆಲಸ, ಪ್ರೀತಿ, ಪೊಲೀಸು ಅಂತ ಏನು ಮಾತಾಡಿಕೊಳ್ಳುತ್ತಾರೋ ಕೇಳುತ್ತದೆ.

ಆದರೂ ಮೂರನೆಯ ಕೈ ಬಿಡಲಿಲ್ಲ. ಐಸಾಕ್ ಹೇಯ್ಸ್ ಅಂದು ತನ್ನ 'ಶ್ಯಾಫ್ಟ್' ಚಿತ್ರದ ಹಾಡನ್ನು ಹಾಡಿದ್ದ. ಅವನೇ ಬರೆದದ್ದು, ಅವನದೇ ಕಂಠ. ಆದರೆ ಆ ಹಾಡನ್ನು ಇನ್ನೊಂದು ಚಿತ್ರದಲ್ಲಿ ಬಳಸುವಂತಿಲ್ಲ ಎಂದು ಎಂಜಿಎಂ ಕಂಪನಿ ಕರಾರು ತೋರಿಸಿತು. ಹಾಡನ್ನು ಕತ್ತರಿಸಿ, ಸ್ಟುಡಿಯೋದಲ್ಲಿ ಬೇರೆ ಹಾಡು ಹಾಡಿಸಿ ಅಂಟಿಸಬೇಕಾಯಿತು. ಮೂಲ ದೃಶ್ಯ ಚಿತ್ರಕ್ಕೆ ವಾಪಸು ಬರಲು ಮೂವತ್ತು ವರ್ಷ ಬೇಕಾಯಿತು. ಜೀತದ ಪತ್ರ ಅಂದರೆ ಹೊಲಕ್ಕೆ ಮಾತ್ರ ಬರೆಸಿಕೊಳ್ಳುವುದಲ್ಲ, ಗಂಟಲಿಗೂ ಬರೆಸಿಕೊಳ್ಳುತ್ತಾರೆ.

ಅದೇ ವಾಟ್ಸ್ ಕೇರಿಯ ಒಂದು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಅದೇ 1972ರ ಜನವರಿ 13 ಮತ್ತು 14ರಂದು ಅರೀಥಾ ಫ್ರಾಂಕ್ಲಿನ್ ಎರಡು ರಾತ್ರಿ ಹಾಡಿದಳು. ಧ್ವನಿಮುದ್ರಿಕೆ ಲಕ್ಷಗಟ್ಟಲೆ ಮಾರಾಟವಾಯಿತು. ಚಿತ್ರ ಮಾತ್ರ ಬರಲಿಲ್ಲ. ಕಾರಣ ಕೇಳಿದರೆ ನಗು ಬರುತ್ತದೆ. ನಿರ್ದೇಶಕ ಸಿಡ್ನಿ ಪೊಲಾಕ್ ತಂಡ ಕ್ಲ್ಯಾಪ್ ಹಲಗೆ ಹೊಡೆದಿರಲಿಲ್ಲ. ಹಲಗೆ ಟಪ್ಪೆಂದ ಸದ್ದನ್ನೂ ಹಲಗೆ ಮುಚ್ಚಿದ ಚಿತ್ರವನ್ನೂ ಸರಿಹೊಂದಿಸಿದರೆ ತಾನೇ ಬಾಯಿಗೂ ಹಾಡಿಗೂ ತಾಳೆ ಬೀಳೋದು? ಆ ಸಣ್ಣ ಕೆಲಸ ಮಾಡದೆ ರೀಲೆಲ್ಲ ಮೂಗು ಕಿವಿ ಬೇರೆಯಾದಂತಾಯಿತು. ಮುಂದೆ ಕಂಪ್ಯೂಟರ್ ಬಂದ ಮೇಲೆ ಬೇರೊಬ್ಬರು ಜೋಡಿಸಿದರು. ಆಗ ಅರೀಥಾಳೇ ಕೋರ್ಟಿಗೆ ಹೋದಳು. ನನ್ನ ಅನುಮತಿ ಇಲ್ಲದೆ ನನ್ನನ್ನು ತೋರಿಸಬೇಡಿ ಎಂಬುದು ಆಕೆಯ ವಾದ. 2018ರ ಆಗಸ್ಟಿನಲ್ಲಿ ಆಕೆ ತೀರಿಕೊಂಡ ಮೇಲೆ ಮನೆಯವರ ಒಪ್ಪಿಗೆಯಿಂದ ಚಿತ್ರ ತೆರೆಗೆ ಬಂತು.

ಇದನ್ನು ನಾವು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಬಚ್ಚಿಡುವುದು ಅನ್ಯಾಯ ಅಂತ ನಾವು ಹೇಳುತ್ತಿದ್ದೇವೆ. ಹಾಗೆಯೇ ಹಾಡಿದವಳನ್ನು ಕೇಳದೆ ತೋರಿಸುವುದೂ ಅನ್ಯಾಯವೇ. ತೋರಿಸುವ ಹಕ್ಕು ಯಾರದೋ ಬೇಡ ಅನ್ನುವ ಹಕ್ಕೂ ಅವರದೇ.

ದಕ್ಷಿಣ ಆಫ್ರಿಕಾದಲ್ಲಿ ಹಾಡಿನ ಚಿತ್ರವೇ ಒಂದು ಮರೆಮಾಚುವ ಕಂಬಳಿಯಾಯಿತು. ಲಯನೆಲ್ ರೊಗೋಸಿನ್ 1950ರ ದಶಕದ ಕೊನೆಯಲ್ಲಿ ಜೊಹಾನ್ಸ್‌ಬರ್ಗಿಗೆ ಹೋಗಿ, ಸಂಗೀತದ ಬಗ್ಗೆ ಸಿನಿಮಾ ತೆಗೆಯುತ್ತೇನೆ ಅಂತ ವರ್ಣಭೇದದ ಸರ್ಕಾರಕ್ಕೆ ಹೇಳಿ, ಒಳಗೊಳಗೆ ಕರಿಯ ಕೂಲಿಯ ಬದುಕನ್ನು ಚಿತ್ರೀಕರಿಸಿದ. 'ಕಮ್ ಬ್ಯಾಕ್, ಆಫ್ರಿಕಾ' ಎಂಬ ಆ ಚಿತ್ರದಲ್ಲಿ ಎರಡು ಹಾಡು ಹಾಡಿದ ಮಿರಿಯಂ ಮಕೇಬಾ 1959ರಲ್ಲಿ ಚಿತ್ರದ ಜೊತೆ ವೆನಿಸ್ ಉತ್ಸವಕ್ಕೆ ಹೋದಳು. ಮರುವರ್ಷ ಸರ್ಕಾರ ಅವಳ ಪಾಸ್‌ಪೋರ್ಟ್ ರದ್ದು ಮಾಡಿತು. ಆಕೆ ತನ್ನ ನೆಲ ಮೆಟ್ಟಿದ್ದು 1990ರಲ್ಲಿ. ಹಾಡುವವರು ತೆರೆಯ ಮೇಲೆ ಬಂದುದಕ್ಕೆ ಮೂವತ್ತು ವರ್ಷದ ಗಡಿಪಾರು.

5

ನಮ್ಮ ದೇಶಕ್ಕೆ ಬಂದರೆ, 1948ರಲ್ಲಿ ಫಿಲ್ಮ್ಸ್ ಡಿವಿಷನ್ ಶುರುವಾಯಿತು. ಟೂರಿಂಗ್ ಟಾಕೀಸಿನ ಮರಳಿನ ಮೇಲೆ ಕೂತವರಿಗೆಲ್ಲ ಮುಖ್ಯ ಚಿತ್ರಕ್ಕೆ ಮೊದಲು ಅದರ ಸಮಾಚಾರ ಚಿತ್ರ ನೋಡಿದ ನೆನಪಿರುತ್ತದೆ. ಉಸ್ತಾದರು, ಪಂಡಿತರು, ವಿದ್ವಾಂಸರ ಮೇಲೆ ಅದು ಬೆಲೆಯುಳ್ಳ ಚಿತ್ರಗಳನ್ನು ತೆಗೆದಿದೆ. ಮಣಿ ಕೌಲ್ ತೆಗೆದ 'ಧ್ರುಪದ್' 1982ರದು, 'ಸಿದ್ಧೇಶ್ವರಿ' 1989ರದು. ಅವನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಶಾಸ್ತ್ರೀಯದವರಿಗೆ ಹೆಸರು, ಗುರು, ಘರಾನೆ ಎಲ್ಲ ಇರುತ್ತಿತ್ತು. ಕೇರಿಯವರು ತೆರೆಗೆ ಬಂದರೆ ಹೆಚ್ಚಾಗಿ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ, 'ಜಾನಪದ ಕಲಾವಿದರು' ಎಂಬ ಒಂದೇ ಗೋಣಿಚೀಲದಲ್ಲಿ.

1976ರಲ್ಲಿ ಸತ್ಯಜಿತ್ ರಾಯ್ 'ಬಾಲಾ' ತೆಗೆದರು. ದೇವದಾಸಿ ಮನೆತನದ ಬಾಲಸರಸ್ವತಿ ಕಡಲ ದಂಡೆಯಲ್ಲಿ ನಿಂತು ವ್ಯಾಸರಾಯರ ಕನ್ನಡ ದೇವರನಾಮಕ್ಕೆ ಅಭಿನಯಿಸುತ್ತಾರೆ. ಹೆಜ್ಜೆ ಹುಟ್ಟಿದ ಮನೆಗಳನ್ನು ಕೀಳೆಂದು ದೂರ ತಳ್ಳಿ, ಅದೇ ಹೆಜ್ಜೆಯನ್ನು ತೊಳೆದು ಮಡಿ ಮಾಡಿ ಸಭಾಗಳಿಗೆ ಕೊಂಡೊಯ್ದ ಕಾಲದಲ್ಲಿ, ಆ ಮನೆಯ ಮಗಳ ಮುಖವೇ ತೆರೆಯ ತುಂಬ ಉಳಿದದ್ದು ದೊಡ್ಡ ಮಾತು.

ಕರ್ನಾಟಕಕ್ಕೆ ನೇರ ಸಂಬಂಧವಿರುವ ಇನ್ನೊಂದು ಕಥೆ ಇದೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಹುಡುಗ ಕುಮಾರ ಗಂಧರ್ವ ಆದದ್ದು ಎಲ್ಲರಿಗೂ ಗೊತ್ತು. ಕ್ಷಯ ಹಿಡಿದು ಮಧ್ಯಪ್ರದೇಶದ ದೇವಾಸಿನಲ್ಲಿ ಹಾಸಿಗೆ ಹಿಡಿದಾಗ, ಬೀದಿಯಲ್ಲಿ ಕಬೀರನನ್ನು ಹಾಡುತ್ತ ಹೋಗುವ ಜೋಗಿಗಳ ದನಿ ಅವರ ಕಿವಿಗೆ ಬಿತ್ತು. ಆ ನಿರ್ಗುಣಿ ಪದಗಳು ಕಛೇರಿ ಮನೆ ಸೇರಿದವು. ಪದ ದೊಡ್ಡ ಸಭೆಗೆ ಹೋಯಿತು ಸರಿ, ಹಾಡುತ್ತಿದ್ದ ಕೇರಿ ಏನಾಯಿತು? ಬೆಂಗಳೂರಿನ ಸೃಷ್ಟಿ ಸಂಸ್ಥೆಯಲ್ಲಿದ್ದುಕೊಂಡು ಶಬನಮ್ ವೀರಮಾನಿ 2003ರಿಂದ ವರ್ಷಗಟ್ಟಲೆ ಅಲೆದು ತೆಗೆದ ನಾಲ್ಕು ಕಬೀರ ಚಿತ್ರಗಳು ಆ ಕೇರಿಯ ಕಡೆಗೂ ತಿರುಗಿ ನೋಡುತ್ತವೆ. ಅವುಗಳಲ್ಲಿ ತಂಬೂರಿ ಹಿಡಿದು ನಡೆಯುವವರು ಪ್ರಹ್ಲಾದ್ ಸಿಂಗ್ ಟಿಪಾನಿಯಾ. ಮಾಳವದ ಲುನ್ಯಾಖೇಡಿ ಹಳ್ಳಿಯ ದಲಿತ, ಸರ್ಕಾರಿ ಶಾಲೆಯ ಮೇಷ್ಟ್ರು. ಈ ಪತ್ರಿಕೆ ಓದುವ ಮೇಷ್ಟ್ರುಗಳು ಇದನ್ನು ಗಮನಿಸಬೇಕು. ಚಿತ್ರ ಅವರನ್ನು ಬರೀ ಪೂಜಿಸುವುದಿಲ್ಲ. ಅವರು ಕಬೀರಪಂಥದ ಮಹಂತಗಿರಿ ಒಪ್ಪಿಕೊಂಡಾಗ, ಗುಡಿ ಮಠ ಬೇಡವೆಂದ ಕಬೀರನಿಗೇ ಮಠವೇ ಎಂಬ ಪ್ರಶ್ನೆಯನ್ನು ಅವರ ಮುಂದೆಯೇ ಇಡುತ್ತದೆ.

6

ಇವೆಲ್ಲಕ್ಕಿಂತ ನಮ್ಮ ಎದೆಗೆ ಹತ್ತಿರವಾದದ್ದು ಆನಂದ್ ಪಟವರ್ಧನ್ 2011ರಲ್ಲಿ ಮುಗಿಸಿದ 'ಜೈ ಭೀಮ್ ಕಾಮ್ರೇಡ್'.

1997ರ ಜುಲೈ 11ರ ಬೆಳಿಗ್ಗೆ ಮುಂಬಯಿಯ ರಮಾಬಾಯಿ ನಗರದಲ್ಲಿ ಬಾಬಾಸಾಹೇಬರ ಪ್ರತಿಮೆಗೆ ಯಾರೋ ಚಪ್ಪಲಿ ಹಾರ ಹಾಕಿದ್ದರು. ಕೇರಿಯ ಜನ ರಸ್ತೆಗೆ ಬಂದರು. ಪೊಲೀಸರು ಗುಂಡು ಹಾರಿಸಿ ಹತ್ತು ಜನರನ್ನು ಕೊಂದರು. ನಾಲ್ಕು ದಿನದ ಮೇಲೆ ವಿಲಾಸ್ ಘೋಗರೆ ಎಂಬ ದಲಿತ ಶಾಹಿರ ತನ್ನ ಗುಡಿಸಿಲಿನಲ್ಲಿ ನೇಣು ಹಾಕಿಕೊಂಡ. ಜೀವನಪೂರ್ತಿ ಕೆಂಪು ಬಾವುಟದ ಹಾಡು ಹಾಡಿದವನು ಸಾಯುವಾಗ ತಲೆಗೆ ನೀಲಿ ಬಟ್ಟೆ ಕಟ್ಟಿಕೊಂಡಿದ್ದ. ಯಾಕೆ? ಈ ಒಂದು ಪ್ರಶ್ನೆ ಹಿಡಿದು ಪಟವರ್ಧನ್ ಹದಿನಾಲ್ಕು ವರ್ಷ ಚಿತ್ರ ತೆಗೆದರು. 1985ರ ತಮ್ಮ 'ಬಾಂಬೆ ಅವರ್ ಸಿಟಿ' ಚಿತ್ರದಲ್ಲಿ ಅವರು ವಿಲಾಸನ ಹಾಡನ್ನು ಬಳಸಿದ್ದರು. ಆ ಋಣ ಅವರ ಮೇಲಿತ್ತು.

ಮೂರು ಗಂಟೆಗೂ ಮೀರಿದ ಚಿತ್ರ ಅದು. ಕೇರಿ ಕೇರಿಗಳಲ್ಲಿ ಭೀಮಗೀತೆ ಹಾಡುವ ಗಂಡಸರು ಹೆಂಗಸರು, ಅವರ ಕವ್ವಾಲಿ, ಜಲಸಾ ಎಲ್ಲ ಇವೆ. ಪುಣೆಯ ಕಬೀರ್ ಕಲಾ ಮಂಚ್‌ನ ಶೀತಲ್ ಸಾಠೆ ದನಿ ಎತ್ತಿದರೆ ಮೈ ಜುಮ್ಮೆನ್ನುತ್ತದೆ. ಚಿತ್ರ ಮುಗಿಯುವ ಹೊತ್ತಿಗೆ ಆ ತಂಡದ ಮೇಲೆ ನಕ್ಸಲ್ ಎಂಬ ಆರೋಪ ಹೊರಿಸಿ ಕೇಸು ಹಾಕಲಾಗಿ, ಅವರು ಭೂಗತರಾಗಿದ್ದರು. 2013ರಲ್ಲಿ ಶೀತಲ್ ಮತ್ತು ಸಚಿನ್ ಮಾಳಿ ಮುಂಬಯಿಯ ವಿಧಾನಭವನದ ಎದುರು ಬಂದು ನಿಂತರು. ಬಸುರಿಯಾಗಿದ್ದ ಶೀತಲ್‌ಗೆ ಅದೇ ವರ್ಷ ಜಾಮೀನು ಸಿಕ್ಕಿತು. ಸಚಿನ್ ಹೊರಬರಲು 2017 ಆಯಿತು. ಮಕೇಬಾಳಿಗೆ ಗಡಿಪಾರು, ನಮ್ಮ ಹಾಡುಗಾರರಿಗೆ ಜೈಲು. ಗುಂಡು ಹೊಡೆಸಿದ ಪೊಲೀಸ್ ಅಧಿಕಾರಿಗೆ 2009ರಲ್ಲಿ ಕೆಳಗಿನ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತ್ತು, ಬೇಗನೆ ಜಾಮೀನೂ ಸಿಕ್ಕಿತ್ತು.

ಪಟವರ್ಧನ್ ದಲಿತರಲ್ಲ. ಹಾಗಾದರೆ ಎರಡನೆಯ ಕೈ ಮೇಲ್ಜಾತಿಯದೇ ಆಯಿತಲ್ಲ ಅಂತ ನಮ್ಮ ಗೆಳೆಯರು ವಾದ ಮಾಡುತ್ತಾರೆ. ವಾದ ನ್ಯಾಯವಾದದ್ದೇ. ನಮ್ಮ ಹುಡುಗ ಹುಡುಗಿಯರ ಕೈಗೆ ಕ್ಯಾಮೆರಾ ಬರಲೇಬೇಕು. ಆದರೆ ಹಾರ್ಲೆಮ್‌ನ ಟುಲ್ಚಿನ್ ಬಿಳಿಯ, ವಾಟ್‌ಸ್ಟ್ಯಾಕ್ಸ್ ನಿರ್ದೇಶಕ ಮೆಲ್ ಸ್ಟುವರ್ಟ್ ಕೂಡ ಬಿಳಿಯ. ಒಂದು ರೀಲು ಕೊಳೆಯಿತು, ಇನ್ನೊಂದು ಜನರನ್ನು ಮುಟ್ಟಿತು. ವ್ಯತ್ಯಾಸ ತೆಗೆದವನ ಹುಟ್ಟಿನಲ್ಲಿರಲಿಲ್ಲ, ರೀಲು ಯಾರ ಹಿಡಿತದಲ್ಲಿತ್ತು ಎಂಬುದರಲ್ಲಿತ್ತು. 'ಜೈ ಭೀಮ್ ಕಾಮ್ರೇಡ್' ಅನ್ನು ದಲಿತರ ವಸತಿಗಳಲ್ಲೇ ಬಯಲಲ್ಲಿ ತೆರೆ ಕಟ್ಟಿ ತೋರಿಸಿದರು. ಹಾಡು ಹೊರಟ ಮನೆಗೆ ತಿರುಗಿ ಬಂತು. ನಾವು ಅಳೆಯಬೇಕಾದ ಕೋಲು ಅದು.

ತಮಿಳುನಾಡಿನ ದಿಂಡಿಗಲ್‌ನಲ್ಲಿ ದಲಿತ ಹೆಣ್ಣುಮಕ್ಕಳು ಪರೈ ಎತ್ತಿ ಬಡಿಯುತ್ತ ಕುಣಿಯುವುದನ್ನು ಜೋ ಶೆರಿನಿಯನ್ ಎಂಬ ವಿದ್ವಾಂಸೆ ತನ್ನ ಚಿತ್ರದಲ್ಲಿ ದಾಖಲಿಸಿದ್ದಾಳೆ. ಹೆಣದ ಮುಂದೆ ಬಡಿಯುವ ತೊಗಲು ಅಂತ ಮುಟ್ಟಿಸಿಕೊಳ್ಳದ ವಾದ್ಯವನ್ನು, ಇದು ಸಂಗೀತ ಅಂತ ಆ ಮಕ್ಕಳು ಜಗತ್ತಿಗೆ ಹೇಳುತ್ತಾರೆ. ನಮ್ಮ ತಮಟೆ, ಹಲಗೆಯದೂ ಅದೇ ಕಥೆ. ಮಂಟೇಸ್ವಾಮಿ, ಮಾದಪ್ಪನ ಕಾವ್ಯ ರಾತ್ರಿಯಿಡೀ ಹಾಡುವ ಮುದುಕರು, ಚೌಡಿಕೆ ಹಿಡಿದ ಜೋಗತಿಯರು, 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಊರೂರು ಹಾಡಿದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಇವತ್ತು ರೀಲಿನ ಡಬ್ಬಿ ಇಲ್ಲ. ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇದೆ. ಮದುವೆ ಮನೆಯಲ್ಲಿ ತಮಟೆ ಬಡಿದ ವೀಡಿಯೋ ಲಕ್ಷ ಜನ ನೋಡುತ್ತಾರೆ, ಬಡಿದವನ ಹೆಸರು ಒಬ್ಬನಿಗೂ ಗೊತ್ತಿರುವುದಿಲ್ಲ. ಕ್ಯಾಮೆರಾ ನಮ್ಮ ಕೈಗೆ ಬಂದರೂ ಡಬ್ಬಿ ಇನ್ನೂ ಕಂಪನಿಯದೇ, ಅವರು ಅಳಿಸಿದರೆ ಅಳಿಯಿತು. ಆದ್ದರಿಂದ ಸಂಘಟನೆಯ ಗೆಳೆಯರು, ವಿದ್ಯಾರ್ಥಿಗಳು, ಹಳ್ಳಿಯ ಮೇಷ್ಟ್ರುಗಳು ಮಾಡಬಹುದಾದ ಕೆಲಸ ಇಷ್ಟು. ಹಾಡುವವರನ್ನು ಮೊದಲು ಕೇಳಿ. ಬೇಡ ಅಂದರೆ ಫೋನ್ ಒಳಗಿಡಿ. ಒಪ್ಪಿದರೆ ಅವರ ಬಾಯಿಂದಲೇ ಹೆಸರು, ಊರು, ಯಾರಿಂದ ಕಲಿತರು ಎಂಬುದನ್ನು ಹೇಳಿಸಿ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿ, ಚಿತ್ರ ಮತ್ತು ಸದ್ದು ಬೇರೆಯಾದರೆ ಜೋಡಿಸಲು ಅಷ್ಟು ಸಾಕು. ಕ್ಯಾಮೆರಾವನ್ನು ಪಲ್ಲಕ್ಕಿಯ ಕಡೆ ತಿರುಗಿಸಬೇಡಿ. ಪೂರ್ತಿ ಹಾಡು ಮುಗಿಯುವವರೆಗೆ ಕೈ ಇಳಿಸಬೇಡಿ. ಆಮೇಲೆ ಮೂರು ಪ್ರತಿ ಮಾಡಿ. ಒಂದು ಶಾಲೆಯಲ್ಲಿರಲಿ, ಒಂದು ಸಂಘದಲ್ಲಿರಲಿ. ಮೊದಲನೆಯದು ಮಾತ್ರ ಹಾಡಿದವರ ಮನೆಯಲ್ಲಿರಬೇಕು.